ರುಚಿ ನೋಡದೆ ಹೇಳಿದ ತಪ್ಪು

ನಮ್ಮ ಮನೆಯಲ್ಲಿ ಅಡುಗೆ ಮಾಡಿದವರು ಆ ಅಡುಗೆಯಲ್ಲಿ ಒಂದು ತಪ್ಪು ಹೇಳುವ ತನಕ ಯಾರೂ ತುತ್ತು ಎತ್ತುತ್ತಿರಲಿಲ್ಲ. ಇದನ್ನು ಪದ್ಧತಿ ಅಂತ ಯಾರೂ ಕರೆದದ್ದು ನಾನು ಕೇಳಿಲ್ಲ. ಆದರೆ ವಿಭೂತಿ ಹಚ್ಚಿಕೊಳ್ಳುವಷ್ಟೇ ಖಾತ್ರಿಯಾಗಿ ಅದು ದಿನಾ ನಡೆಯುತ್ತಿತ್ತು. ದಾವಣಗೆರೆಯ ಹಳೇ ಪೇಟೆಯ ನಮ್ಮ ಮನೆಗೆ ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಕಟ್ಟೆ, ಆಮೇಲೆ ನಡುಮನೆ, ಅದರ ಗೋಡೆಯಲ್ಲೇ ದೇವರ ಗೂಡು, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು, ಎಲ್ಲ ರೈಲಿನ ಡಬ್ಬಿಗಳ ಹಾಗೆ ಒಂದರ ಬೆನ್ನಿಗೊಂದು. ಊಟ ನಡುಮನೆಯಲ್ಲಿ, ನೆಲದ ಮೇಲೆ. ಕಾಟನ್ ಮಿಲ್ಲಿನಿಂದ ರಿಟೈರ್ ಆಗಿದ್ದ ಅಜ್ಜ ಗೋಡೆಗೆ ಒರಗಿ ಕೂತರೆ, ಬಜಾರಿನ ಬಟ್ಟೆ ಅಂಗಡಿಗೆ ಬಾಗಿಲು ಹಾಕಿ ಬಂದ ಅಪ್ಪ ಅವನ ಪಕ್ಕ, ಎದುರಿಗೆ ನಾನು, ಅಡುಗೆಮನೆ ಬಾಗಿಲ ಹತ್ತಿರ ಅಜ್ಜಿ. ಅಮ್ಮ ಬಿಸಿ ರೊಟ್ಟಿ ತಂದು ಹಾಕಿ, ಪಲ್ಯ ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ನಿಲ್ಲುತ್ತಿದ್ದಳು. ಎಲ್ಲರ ಕೈಯೂ ತಾಟಿನ ಅಂಚಿನಲ್ಲಿ ಕಾಯುತ್ತಿರುತ್ತಿತ್ತು. ಆಗ ಅಮ್ಮ ಹೇಳುತ್ತಿದ್ದಳು:

“ಇವತ್ತು ಯಾಕೋ ಒಗ್ಗರಣೆ ಹತ್ತಿಬಿಡ್ತು, ಮಾವ.”

“ಏನಿಲ್ಲ ಬಿಡವ್ವ, ಚೆನ್ನಾಗೈತೆ,” ಅನ್ನುತ್ತಿದ್ದ ಅಜ್ಜ, ಇನ್ನೂ ಬಾಯಿಗಿಡದೆಯೇ.

ಅಷ್ಟಾದ ಮೇಲೆ ಊಟ ಶುರು. ಅಜ್ಜಿ ಒಲೆ ಮುಂದೆ ಕೂತ ದಿನ ತಪ್ಪು ಬೇರೆ. ಅವಳದು ಯಾವಾಗಲೂ ಉಪ್ಪು. ಒಂದು ಯುಗಾದಿಗೆ ಹೋಳಿಗೆ ಬಡಿಸಿ, ರೂಢಿಯ ಮೇಲೆ “ಉಪ್ಪು ಮುಂದಾತೇನೋ” ಅಂತ ಅವಳು ಅಂದುಬಿಟ್ಟದ್ದಕ್ಕೆ ಅಪ್ಪ ನಕ್ಕು ನಕ್ಕು ಎದ್ದು ಹೋಗಿ ನೀರು ಕುಡಿದು ಬಂದದ್ದು ನೆನಪಿದೆ. ಅಜ್ಜ ಅವತ್ತೂ “ಏನಿಲ್ಲ ಬಿಡು, ಚೆನ್ನಾಗೈತೆ” ಅಂದೇ ಹೋಳಿಗೆ ಮುರಿದ.

ನನಗೆ ಸಣ್ಣವಳಿದ್ದಾಗಿಂದಲೇ ಪ್ರಶ್ನೆ ಕೇಳುವ ಚಟ. ಈ ವ್ಯವಹಾರದಲ್ಲಿ ನನಗೊಂದು ದೊಡ್ಡ ಲೋಪ ಕಾಣುತ್ತಿತ್ತು. ನಮ್ಮಲ್ಲಿ ದೇವರಿಗೆ ಎಡೆ ಹಿಡಿಯುವ ಮುಂಚೆ ಅಡುಗೆಯನ್ನು ಬಾಯಿಗಿಡುವಂತಿಲ್ಲ. ಎಡೆ ಹಿಡಿದ ಮೇಲೂ ಎಲ್ಲರಿಗೆ ಬಡಿಸಿ ಮುಗಿಯುವ ತನಕ ಮಾಡಿದವರು ಒಂದು ಅಗುಳೂ ಮುಟ್ಟುವುದಿಲ್ಲ. ಅಂದಮೇಲೆ ಈ ಹೆಂಗಸರು ಯಾವ ಆಧಾರದ ಮೇಲೆ ತೀರ್ಪು ಕೊಡುತ್ತಿದ್ದಾರೆ?

“ಅಜ್ಜಿ, ನೀನು ರುಚಿನೇ ನೋಡಿಲ್ಲ. ಉಪ್ಪು ಜಾಸ್ತಿ ಅಂತ ಹೆಂಗೆ ಗೊತ್ತಾತು?”

“ಗೊತ್ತಾಗ್ತೈತೆ ಬಿಡು.”

“ಅದೇ, ಹೆಂಗೆ?”

“ಏಯ್ ಲಾಯರಮ್ಮ, ಉಣ್ಣು ಮೊದ್ಲು. ಇವಳಿಗೆ ಸಹನಾ ಅಂತ ಹೆಸರಿಟ್ಟೋರು ಯಾರು?”

“ನೀನೇ ಇಟ್ಟಿದ್ದು, ಅವ್ವ,” ಅನ್ನುತ್ತಿದ್ದ ಅಪ್ಪ, ರೊಟ್ಟಿಯಿಂದ ತಲೆ ಎತ್ತದೆ.

ಇಷ್ಟೆಲ್ಲ ವಾದ ಮಾಡುತ್ತಿದ್ದ ನಾನೇ ಮೊದಲ ಸಲ ರೊಟ್ಟಿ ಬಡಿದ ದಿನ ಏನು ಮಾಡಿದೆ ಗೊತ್ತೇ? ಅಜ್ಜಿ ಪಕ್ಕದಲ್ಲಿ ಕೂತು ಹಿಟ್ಟು ನಾದಿಕೊಟ್ಟಿದ್ದಳು. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಜ್ಜನ ತಾಟಿಗೆ ಹಾಕಿದವಳೇ, ಯಾರೂ ಹೇಳಿಕೊಡದೆ, “ಒಂದು ಕಡೆ ದಪ್ಪ ಆಗೈತೆ, ಅಜ್ಜ” ಅಂದೆ. ಅಜ್ಜಿಯ ಮುಖ ಅರಳಿದ್ದು ಆಗ. “ಕಲ್ತಳು ನೋಡ್ರಿ!” ಅಂದಳು. ರೊಟ್ಟಿ ಬಡಿಯೋದು ಕಲಿತೆ ಅಂತ ಅಂದುಕೊಂಡು ನಾನು ಹಿಗ್ಗಿದೆ. ಅವಳು ಮೆಚ್ಚಿದ್ದು ಆ ಮಾತನ್ನು ಅಂತ ಹೊಳೆಯಲು ನನಗೆ ವರ್ಷಗಳೇ ಬೇಕಾದವು. ರೊಟ್ಟಿ, ಇರಲಿ, ಗುಂಡಗೇ ಇತ್ತು.

ಹೈಸ್ಕೂಲಿಗೆ ಬರುವ ಹೊತ್ತಿಗೆ ನನ್ನ ಚಟಕ್ಕೆ ಒಂದು ಮರ್ಯಾದಸ್ತ ಹೆಸರು ಸಿಕ್ಕಿತು: ಚರ್ಚಾಸ್ಪರ್ಧೆ. ಪರವೋ ವಿರೋಧವೋ ಆರಿಸಿಕೊಳ್ಳುವ ಅವಕಾಶ ಇದ್ದಾಗೆಲ್ಲ ನಾನು ವಿರೋಧವನ್ನೇ ಹಿಡಿಯುತ್ತಿದ್ದೆ. ವಿಷಯ ಮೊಬೈಲಾಗಲಿ, ಸಮವಸ್ತ್ರವಾಗಲಿ, ಪರೀಕ್ಷೆಯಾಗಲಿ, ನಾನು ವಿರೋಧ. ಎದುರಿನವರು ಕಟ್ಟಿದ್ದನ್ನು ಒಂದೊಂದೇ ಇಟ್ಟಿಗೆಯಾಗಿ ಕಿತ್ತು ಕೆಳಗಿಡುವುದರಲ್ಲಿ ಇರುವ ಸುಖ ಬೇರೆ. ಅದಕ್ಕಿಂತ ಮುಖ್ಯ, ಅಲ್ಲಿ ನಾನೇನೂ ಕಟ್ಟಬೇಕಾಗಿರಲಿಲ್ಲ. ನನ್ನದು ಅಂತ ಒಂದೂ ಗೋಡೆ ಇಲ್ಲದಿದ್ದರೆ ಯಾರು ಏನು ಕೆಡವುತ್ತಾರೆ? ನಮ್ಮ ಕನ್ನಡ ಸರ್ ಇದನ್ನು ಕಂಡುಹಿಡಿದುಬಿಟ್ಟಿದ್ದರು. “ನಿನ್ನ ಮಾತು ಕೇಳಿದ್ರೆ ಎದುರಿನೋರು ತಪ್ಪು ಅಂತ ಗೊತ್ತಾಗ್ತೈತೆ, ಸಹನಾ. ನೀನು ಏನಂತೀ ಅನ್ನೋದು ಮಾತ್ರ ಗೊತ್ತಾಗಂಗಿಲ್ಲ,” ಅಂದಿದ್ದರು. ನಾನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡೆ. ಜಿಲ್ಲಾ ಮಟ್ಟದಲ್ಲಿ ಗೆದ್ದು ಕಪ್ ತಂದ ದಿನ ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಓಣಿಯವರೆಲ್ಲ ಬಂದು ನೋಡಿದರು. ಎದುರುಮನೆಯವರು “ಏನ್ ಮಾರಾಯ್ತಿ, ಹೆಂಗೆ ಗೆದ್ದಿ?” ಅಂದರೆ ನನ್ನ ಬಾಯಿಂದ ಬಂದದ್ದು, “ಬೇರೆಯವ್ರು ಯಾರೂ ಸರಿಯಾಗಿ ತಯಾರಾಗಿ ಬಂದಿರ್ಲಿಲ್ಲ, ಆಂಟಿ. ವಿಷಯನೂ ಸುಲಭ ಇತ್ತು.” ಅಮ್ಮ ಆಗ ಎಲ್ಲರಿಗೂ ಮಂಡಕ್ಕಿ ಹಚ್ಚಿ ಕೊಡುತ್ತಿದ್ದಳು. “ಮಂಡಕ್ಕಿ ಮೆತ್ತಗಾಗೈತೇನೋ, ನೋಡ್ರಿ,” ಅನ್ನುತ್ತಿದ್ದಳು.

ಅಮ್ಮ ಊರಿನ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರ್. ಲೆಕ್ಕ ಅಂದರೆ ಜ್ವರ ಬರುತ್ತಿದ್ದ ಮಕ್ಕಳು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅವಳ ಹತ್ತಿರ ಬೀಜಗಣಿತ ಹೇಳಿಸಿಕೊಂಡು, ನಗುತ್ತಾ ಹೋಗುತ್ತಿದ್ದರು. ನಾನು ಹತ್ತನೇ ಕ್ಲಾಸಿನಲ್ಲಿದ್ದ ಆ ವರ್ಷ ಶಾಲೆಯ ಮ್ಯಾನೇಜ್‌ಮೆಂಟಿನವರು ಅವಳನ್ನು ಕರೆದು, ಹರಿಹರದಲ್ಲಿರುವ ತಮ್ಮ ಇನ್ನೊಂದು ಶಾಲೆಗೆ ಹೆಚ್.ಎಂ. ಆಗಿ ಹೋಗ್ತೀರಾ ಅಂತ ಕೇಳಿದರು. ಹರಿಹರ ಅಂದರೆ ದೂರವೇನಲ್ಲ, ಬಸ್ಸು ಹತ್ತಿ ಕೂತು ಸೀಟು ಬಿಸಿ ಆಗುವಷ್ಟರಲ್ಲಿ ಬಂದುಬಿಡುತ್ತದೆ. ಸೋಮವಾರ ಉತ್ತರ ಹೇಳಬೇಕಿತ್ತು. ಅಮ್ಮ ಶುಕ್ರವಾರ ಸಂಜೆಯೇ ತೀರ್ಮಾನಿಸಿಬಿಟ್ಟಿದ್ದಳು: ಒಲ್ಲೆ. ಅಪ್ಪ “ನಿನಗೆ ಬಿಟ್ಟಿದ್ದು” ಅಂದ. ಅಜ್ಜ “ಹೋಗವ್ವ, ಯಾಕ ಬಿಡ್ತೀ” ಅಂದ. ಅಂದರೆ, ನಾನು ಮುಂದೆ ಓದಿದ, ಕೇಳಿದ ಕಥೆಗಳ ಹಾಗೆ ಇಲ್ಲಿ ಅಡ್ಡ ನಿಂತ ಗಂಡಸು ಒಬ್ಬನೂ ಇರಲಿಲ್ಲ. ಅಡ್ಡ ನಿಂತಿದ್ದವಳು ಅಮ್ಮನೇ. ಇದು ನನ್ನನ್ನು ಕೆರಳಿಸಿತು. ಎದುರಾಳಿ ಇಲ್ಲದೆ ಸೋಲುವುದು ಅಂದರೇನು? ಶನಿವಾರ ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಚ್ಚೆ ಕಟ್ಟಿದೆ.

“ಯಾಕ ಒಲ್ಲೆ ಅಂತೀ?”

“ನನಗೆ ಅಷ್ಟೆಲ್ಲ ಬರಂಗಿಲ್ಲ, ಸಹನಾ. ಲೆಕ್ಕ ಹೇಳ್ಕೊಡು ಅಂದ್ರೆ ಹೇಳ್ಕೊಡ್ತೀನಿ. ಒಂದು ಶಾಲೆ ನಡೆಸೋದು ಅಂದ್ರೆ ಹುಡುಗಾಟ ಅಲ್ಲ.”

“ಒಂದು ದಿನನಾದ್ರೂ ನಡೆಸಿ ನೋಡೀಯೇನು?”

“ಇಲ್ಲ.”

“ಮತ್ತೆ ಬರಂಗಿಲ್ಲ ಅಂತ ಹೆಂಗೆ ಗೊತ್ತು? ರುಚಿ ನೋಡದೆ ಉಪ್ಪು ಜಾಸ್ತಿ ಅಂದಂಗೆ ಆತು.”

ಅಮ್ಮನ ಕೈ ರೊಟ್ಟಿಯ ಮೇಲೆ ಒಂದು ಗಳಿಗೆ ನಿಂತು ಮತ್ತೆ ಬಡಿಯತೊಡಗಿತು.

“ಅವ್ರು ಏನೋ ತಿಳ್ಕೊಂಡು ಕೇಳಿದಾರೆ. ನನ್ನ ಮಕ್ಕಳೆಲ್ಲ ಪಾಸಾಗ್ತಾರೆ ಅಂತ. ಮಕ್ಕಳು ಚೆನ್ನಾಗಿದ್ರು, ಪಾಸಾದ್ರು. ಅದರಾಗೆ ನಂದೇನೈತೆ?”

“ಹಂಗಾದ್ರೆ ಹೋದ ವರ್ಷ ಆ ಹುಡುಗ ಫೇಲಾದಾಗ ನೀನು ಯಾಕ ಊಟ ಬಿಟ್ಟಿದ್ದೆ?”

“ನಾನು ಸರಿಯಾಗಿ ಹೇಳ್ಕೊಡ್ಲಿಲ್ಲ ಅಂತ.”

“ಪಾಸಾದ್ರೆ ಮಕ್ಕಳದ್ದು, ಫೇಲಾದ್ರೆ ನಿಂದು. ಅಮ್ಮ, ನೀನು ಲೆಕ್ಕದ ಟೀಚರ್! ಇದ್ಯಾವ ಲೆಕ್ಕ?”

ಸ್ಪರ್ಧೆಯಲ್ಲಾಗಿದ್ದರೆ ಇಲ್ಲಿಗೆ ಚಪ್ಪಾಳೆ ಬೀಳಬೇಕಿತ್ತು. ನಾನು ಮನಸ್ಸಿನಲ್ಲೇ ಗಂಟೆ ಬಾರಿಸಿಕೊಂಡು ಕೂತೆ. ಅಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಹಿಟ್ಟಿನ ಕೈಯನ್ನೇ ನನ್ನ ಕಡೆ ತೋರಿಸಿ ಅಂದಳು:

“ಮೊನ್ನೆ ಕಪ್ ತಂದೆಯಲ್ಲ. ಎದುರುಮನೆಯೋರಿಗೆ ಏನಂದಿ?”

ನಾನು ಹೊಸ್ತಿಲ ಮೇಲೆ ಬಿದ್ದಿದ್ದ ಹಿಟ್ಟನ್ನು ಬೆರಳಿನಿಂದ ಒರೆಸತೊಡಗಿದೆ.

“ಬೇರೆಯವ್ರು ತಯಾರಾಗಿರ್ಲಿಲ್ಲ ಅಂದಿ. ಹೋದ ಸಲ ಸೋತಾಗ? ಎರಡು ದಿನ ಕಟ್ಟೆಗೆ ಬರ್ಲಿಲ್ಲ. ನಿಂದು ಯಾವ ಲೆಕ್ಕ, ಲಾಯರಮ್ಮ?”

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ನಗುವೇ ಇತ್ತು. ಆದರೆ ನಾನು ಅಷ್ಟು ಚೆನ್ನಾಗಿ ಸೋತ ಚರ್ಚೆ ಆಮೇಲೆ ಇನ್ನೊಂದಿಲ್ಲ. ವೇದಿಕೆಯ ಮೇಲೆ ನಾನು ಬಳಸುತ್ತಿದ್ದ ಅಸ್ತ್ರಗಳೆಲ್ಲ ಈ ಅಡುಗೆಮನೆಯಲ್ಲೇ ಕಾಸಿ ಬಡಿದವು ಅಂತ ಅವತ್ತು ತಿಳಿಯಿತು. ಅಮ್ಮ ತನ್ನ ವಿರುದ್ಧ ತಾನೇ ಎಷ್ಟು ಸೊಗಸಾಗಿ ವಾದಿಸುತ್ತಿದ್ದಳು ಅಂದರೆ, ಅವಳ ಪರ ನಿಲ್ಲುವವರಿಗೆ ಜಾಗವೇ ಉಳಿಯುತ್ತಿರಲಿಲ್ಲ.

ಭಾನುವಾರ ನಾವು ಮೂವರು ಹೆಂಗಸರು, ಅಂದರೆ ಅಜ್ಜಿ, ಅಮ್ಮ, ನಾನು, ಹರಿಹರಕ್ಕೆ ಹೋದೆವು. ಶಾಲೆ ನೋಡಲಿಕ್ಕಲ್ಲ, ಹರಿಹರ ಅಜ್ಜಿಯ ತವರು, ಅಲ್ಲಿ ಅವಳ ಅಕ್ಕ, ನನ್ನ ದೊಡ್ಡಜ್ಜಿ, ತಂದೆಯ ಮನೆಯಲ್ಲೇ ಮಗ ಸೊಸೆಯ ಜೊತೆ ಇದ್ದಳು. ಮೊಣಕಾಲು ನೋವು, ನೋಡಿ ಬರಬೇಕಿತ್ತು. ಬಸ್ಸು ಬಾತಿ ದಾಟುವಾಗ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಶಾಲೆಯ ಬೋರ್ಡು ರಸ್ತೆಯ ಪಕ್ಕ ಕಂಡಾಗ ಕತ್ತು ತಿರುಗಿಸಿ, ಅದು ಮರೆಯಾಗುವ ತನಕ ನೋಡಿದಳು. ನಾನು ತನ್ನನ್ನೇ ಗಮನಿಸುತ್ತಿರುವುದನ್ನು ಕಂಡು, “ಬಿಸಿಲು ಎಷ್ಟೈತೆ ನೋಡು” ಅಂದಳು.

ದೊಡ್ಡಜ್ಜಿಯ ಮನೆ ಹೊಳೆಯ ಹತ್ತಿರ. ಹಿತ್ತಲ ಮೆಟ್ಟಿಲ ಮೇಲೆ ಕೂತರೆ ತುಂಗಭದ್ರೆಯ ಗಾಳಿ ಸೀರೆಯ ಸೆರಗನ್ನು ಹಾರಿಸುತ್ತಿತ್ತು. ಮಗ ಸೊಸೆ ಯಾವುದೋ ಮದುವೆಗೆ ಹೋಗಿದ್ದರಿಂದ ಅವತ್ತು ಅಡುಗೆ ದೊಡ್ಡಜ್ಜಿಯದೇ. ನಾವು ಊಟಕ್ಕೆ ಕೂತೆವು. ತಾಟಿಗೆ ಬಿಸಿ ಮುದ್ದೆ, ಹುರುಳಿಕಾಳು ಸಾರು ಬಿತ್ತು. ದೊಡ್ಡಜ್ಜಿ ಸೌಟು ಕೆಳಗಿಟ್ಟು ಅಂದಳು, “ಉಪ್ಪು ಮುಂದಾಗೈತೇನೋ, ಕಣ್ಣು ಕಾಣಂಗಿಲ್ಲ ನನಗೆ.” ಅದೇ ಮಾತು, ಅದೇ ರಾಗ. ಎರಡು ಊರು, ಎರಡು ಒಲೆ, ಒಂದೇ ತಪ್ಪು. ನನಗೆ ತಡೆಯಲಾಗಲಿಲ್ಲ.

“ದೊಡ್ಡಜ್ಜಿ, ಇದನ್ನ ನಿಮಗೆ ಹೇಳ್ಕೊಟ್ಟೋರು ಯಾರು?”

“ಯಾವುದನ್ನ?”

“ಉಪ್ಪು ಜಾಸ್ತಿ ಅನ್ನೋದನ್ನ.”

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದೊಡ್ಡಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದಳು.

“ನಮ್ಮವ್ವ! ಅಯ್ಯೋ, ನಮ್ಮಪ್ಪನ ಸಿಟ್ಟು ಕೇಳಬ್ಯಾಡ. ಸಾರು ಬಾಯಿಗಿಡೋದು, ಸರಿ ಇಲ್ಲ ಅಂದ್ರೆ ತಾಟು ಎತ್ತಿ ಅಂಗಳಕ್ಕೆ ಒಗಿಯೋದು. ನಾನು, ಇವಳು ಓಡಿ ಹೋಗಿ ಆಯ್ಕೊಂಡು ಬರ್ತಿದ್ವಿ.”

“ತಾಟು ನೆಗ್ಗಿರ್ತಿತ್ತು,” ಅಂದಳು ಅಜ್ಜಿ. ಅವಳು ನಗಲಿಲ್ಲ.

“ಹ್ಞೂಂ, ನೆಗ್ಗಿದ ತಾಟು ಅಟ್ಟದ ಮೇಲೆ ಇನ್ನೂ ಅದಾವು. ಆಮೇಲೆ ನಮ್ಮವ್ವ ಒಂದು ದಿನ ಶಾಣ್ಯಾತನ ಮಾಡಿದ್ಲು. ಅಪ್ಪ ಬಾಯಿಗಿಡೋಕೆ ಮುಂಚೆನೇ, ‘ಇವತ್ತು ಉಪ್ಪು ಮುಂದಾಗೈತೆ, ತಪ್ಪಾತು’ ಅಂದ್ಲು. ಅಪ್ಪಗೆ ಬೈಯಾಕೆ ಏನೂ ಉಳೀಲಿಲ್ಲ. ‘ಇರ್ಲಿ ಬಿಡು’ ಅಂದು ಉಂಡ. ಅವತ್ತಿಂದ ನಮಗೂ ಹಂಗೇ ಹೇಳ್ಕೊಟ್ಲು. ನಾವೇ ಅಂದುಬಿಟ್ರೆ ಅವ್ರು ಅನ್ನಾಕೆ ಏನಿರ್ತೈತೆ?”

ನಾನು ಮುದ್ದೆ ಮುರಿಯುವುದನ್ನು ಬಿಟ್ಟು ಕೂತೆ. ಚರ್ಚೆಯಲ್ಲಿ ಇದು ನನಗೆ ಗೊತ್ತಿದ್ದ ಪಟ್ಟು. ಎದುರಿನವರು ಹಿಡಿಯಬಹುದಾದ ದೋಷವನ್ನು ನಾವೇ ಮೊದಲು ಒಪ್ಪಿಕೊಂಡು ಅವರ ಕೈ ಖಾಲಿ ಮಾಡುವುದು. ನನ್ನ ಮುತ್ತಜ್ಜಿ ಶಾಲೆಯ ಮೆಟ್ಟಿಲು ಹತ್ತದೆ ಅದನ್ನು ಒಲೆಯ ಮುಂದೆ ಕಂಡುಹಿಡಿದಿದ್ದಳು, ಹಾರುವ ತಾಟಿನಿಂದ ತಪ್ಪಿಸಿಕೊಳ್ಳಲು. ಅವಳ ಜಾಣತನಕ್ಕೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

“ನಿಮ್ಮಪ್ಪ ತೀರ್ಕೊಂಡು ಎಷ್ಟು ವರ್ಷ ಆತು, ದೊಡ್ಡಜ್ಜಿ?”

“ಅಯ್ಯ, ನಿಮ್ಮಪ್ಪ ಹುಟ್ಟೋಕೆ ಮುಂಚೆನೇ ಹೋದ.”

“ನಮ್ಮ ಅಜ್ಜ ಯಾವತ್ತಾದ್ರೂ ತಾಟು ಒಗ್ದಾರೇನು, ಅಜ್ಜಿ?”

“ಅವ್ರಾ?” ಅಜ್ಜಿಗೆ ಈಗ ನಗು ಬಂತು. “ಅವ್ರು ಹಳಸಿದ್ದು ಹಾಕಿದ್ರೂ ಚೆನ್ನಾಗೈತೆ ಅಂತಾರೆ.”

“ಮತ್ತೆ ಇಷ್ಟು ವರ್ಷ ನೀನು ಯಾರಿಗೆ ಹೇಳ್ತಾ ಇದ್ದಿ?”

ಅಜ್ಜಿ ಸಾರಿನಲ್ಲಿ ಮುದ್ದೆಯ ತುತ್ತನ್ನು ಸುಮ್ಮನೆ ಹೊರಳಿಸುತ್ತಾ ಕೂತಳು. “ಬಾಯಿಗೆ ರೂಢಿ ಆತು,” ಅಂದಳು ಕೊನೆಗೆ, ತನಗೆ ತಾನೇ ಹೇಳಿಕೊಂಡ ಹಾಗೆ. ಅಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯಿಂದ ಆ ಮಾತನ್ನು ಕಲಿತು, ಅದು ಯಾಕೆ ಅಂತ ಕೇಳದೆ ದಿನಾ ಹೇಳುತ್ತಾ ಬಂದವಳು ಅವಳು. ಅವಳು ಏನನ್ನು ನುಂಗುತ್ತಿದ್ದಾಳೆ ಅಂತ ನನಗೆ ಗೊತ್ತಾಗಲಿಲ್ಲ. ವಾಪಸ್ ಬರುವಾಗಲೂ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕವೇ ಕೂತಳು. ಶಾಲೆಯ ಬೋರ್ಡು ಬಂದಾಗ ಮತ್ತೆ ಕತ್ತು ತಿರುಗಿಸಿ ನೋಡಿದಳು. ಈ ಸಲ ಬಿಸಿಲಿನ ಸುದ್ದಿ ಎತ್ತಲಿಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ, ಮೊನ್ನೆ, ನಾನು ಈಗ ಕೆಲಸ ಮಾಡುವ ಆಫೀಸಿನಲ್ಲಿ ಹೆಂಗಸರಿಗೆ ಅಂತ ಒಂದು ತರಬೇತಿ ಇಟ್ಟಿದ್ದರು. ಬಂದವರು ಪರದೆಯ ಮೇಲೆ ‘ಇಂಪೋಸ್ಟರ್ ಸಿಂಡ್ರೋಮ್’ ಅಂತ ದೊಡ್ಡದಾಗಿ ತೋರಿಸಿ, ಗೆದ್ದರೂ ಗೆಲುವು ನಮ್ಮದಲ್ಲ ಅನ್ನಿಸುವುದು, ಯಾವತ್ತೋ ಸಿಕ್ಕಿಬೀಳುತ್ತೇವೆ ಅಂತ ಹೆದರುವುದು, ಹೀಗೆ ವಿವರಿಸಿದರು. ವಿವರಣೆಗೆ ನನ್ನ ತಕರಾರಿಲ್ಲ, ಅದು ನಮ್ಮ ಮನೆಯ ನಡುಮನೆಯೇ. ತಕರಾರು ಇರುವುದು ಆ ಹೆಸರಿನ ಬಗ್ಗೆ. ಎದ್ದು ನಿಂತು ಕೇಳಿಯೂ ಬಿಟ್ಟೆ: ಇದನ್ನು ಹೆಂಗಸರ ಒಳಗಿನ ಕಾಯಿಲೆ ಅಂತ ಯಾಕೆ ಕರೀತೀರಿ, ಮೇಡಂ? ಒಗೆದ ತಾಟಿಗೆ ಅಡ್ಡ ಹಿಡಿದ ಕೈ ಇದು. ತಾಟು ಒಗೆಯುವವರು ಹೋದ ಮೇಲೂ ಕೈ ಇಳಿದಿಲ್ಲ, ಅಷ್ಟೇ. ಮತ್ತೆ ಎಲ್ಲ ಕಡೆ ಅವರು ಹೋಗಿದ್ದಾರೆ ಅಂತಲೂ ನಾನು ಹೇಳುವುದಿಲ್ಲ. ಕೈ ಇಳಿಸುವ ಮುಂಚೆ ತಲೆ ಎತ್ತಿ ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡುವುದು ಒಳ್ಳೆಯದು. ತರಬೇತಿಯವರು “ಚೆನ್ನಾಗಿ ಹೇಳಿದ್ರಿ” ಅಂದರು. “ಥ್ಯಾಂಕ್ಸ್” ಅಂದೆ. ನಾಲಗೆಯ ತುದಿಗೆ ಬಂದಿದ್ದ ‘ಏನಿಲ್ಲ, ಸುಮ್ಮನೆ ಅಂದೆ’ ಅನ್ನುವ ಇನ್ನೊಂದು ವಾಕ್ಯವನ್ನು ನುಂಗಿಕೊಂಡು ಕೂತೆ.

ಆ ಭಾನುವಾರ ಸಂಜೆಗೆ ಬರುತ್ತೇನೆ. ಅಮ್ಮ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಎಡೆ ಹಿಡಿದದ್ದಾಯಿತು, ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿಪುಡಿಯ ಮೇಲೆ ಮೊಸರು ಬಿತ್ತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ನಮ್ಮೆಲ್ಲರ ಕೈಗಳು ತಾಟಿನ ಅಂಚಿಗೆ ಬಂದು ನಿಂತವು. ಅಮ್ಮ ಏನೂ ಹೇಳಲಿಲ್ಲ. ಅಜ್ಜ ಕಾದ. ಅಪ್ಪ ಕಾದ. ಎಣ್ಣೆಗಾಯಿಯ ಹಬೆ ಆರತೊಡಗಿತು. ಅಜ್ಜ ಒಮ್ಮೆ ಕೆಮ್ಮಿದ, ಅಪ್ಪನ ಕಡೆ ನೋಡಿದ, ಅಪ್ಪ ಸೂರು ನೋಡಿದ. ತನ್ನ ಮಾತಿನ ಸರದಿ ಬರುವ ಮುಂಚೆ ಎದುರಿನ ಪಾತ್ರಧಾರಿ ಮಾತು ಮರೆತರೆ ನಾಟಕದವರು ಹೇಗೆ ಒದ್ದಾಡುತ್ತಾರೋ, ಹಾಗಿತ್ತು ಅಜ್ಜನ ಪಾಡು.

“ಯಾಕವ್ವ ಸರೋಜ,” ಅಂದ ಕೊನೆಗೆ, “ಇವತ್ತು ಏನೂ ಕೆಟ್ಟಿಲ್ಲೇನು?”

“ಇಲ್ಲ, ಮಾವ. ಚೆನ್ನಾಗಾಗೈತೆ. ಊಟ ಮಾಡ್ರಿ.” ಆಮೇಲೆ, ಅದೇ ಉಸಿರಿನಲ್ಲಿ, “ನಾಳೆ ಮ್ಯಾನೇಜ್‌ಮೆಂಟಿನೋರಿಗೆ ಹ್ಞೂಂ ಅಂತೀನಿ. ಹರಿಹರಕ್ಕೆ ಹೋಗ್ತೀನಿ.”

ಅಜ್ಜ “ಭೇಷ್” ಅಂದು ರೊಟ್ಟಿ ಮುರಿದು, ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟ. ಅವನ ದವಡೆ ಒಂದು ಸುತ್ತು ತಿರುಗಿ ನಿಧಾನವಾಯಿತು. ಅಪ್ಪನದೂ. ನಾನು ಬಾಯಿಗಿಟ್ಟ ಕೂಡಲೇ ಗೊತ್ತಾಯಿತು: ಎಣ್ಣೆಗಾಯಿಗೆ ಉಪ್ಪೇ ಬಿದ್ದಿರಲಿಲ್ಲ. ಒಂದು ಹರಳೂ ಇಲ್ಲ. ಬಸ್ಸಿನಿಂದ ಇಳಿದಾಗಿನಿಂದ ಅವಳ ತಲೆಯಲ್ಲಿ ಏನೇನು ಓಡುತ್ತಿತ್ತೋ. ಅಜ್ಜ ಚಕಾರ ಎತ್ತದೆ ಉಪ್ಪಿನಕಾಯಿಗೆ ಕೈ ಚಾಚಿದ. ಅಪ್ಪ ಚಟ್ನಿಪುಡಿಯನ್ನು ಎಣ್ಣೆಗಾಯಿಯ ಒಳಗೇ ಕಲಸಿದ. ಇಷ್ಟು ವರ್ಷ ಇಲ್ಲದ ತಪ್ಪು ಹೇಳಿದವಳು, ಹೇಳದೆ ಬಿಟ್ಟ ಮೊದಲ ದಿನವೇ ಸಿಕ್ಕಿಬಿದ್ದರೆ, ನಾಳೆ ಸೋಮವಾರ ಅವಳ ಬಾಯಿಂದ ಯಾವ ಉತ್ತರ ಬಂದೀತು? ಅಜ್ಜಿ ಒಂದು ತುತ್ತು ಉಂಡಳು. “ಉಪ್ಪು...” ಅಂತ ಬಾಯಿ ತೆರೆದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಸರೋಜ, ನೀನೂ ಕೂತ್ಕೋ,” ಅಂದಳು. “ಒಂದು ತುತ್ತು ಬಾಯಿಗಿಟ್ಟು ನೋಡು. ಆಮೇಲೆ ಹೇಳು.”

ಬಡಿಸುವುದು ಮುಗಿಯುವ ಮುಂಚೆ ಸೊಸೆಗೆ ಕೂತು ಉಣ್ಣು ಅಂತ ಅಜ್ಜಿ ಹೇಳಿದ್ದು ಅದೇ ಮೊದಲು. ಅಮ್ಮ ನನ್ನ ಪಕ್ಕ ಕೂತು, ನನ್ನ ತಾಟಿನಿಂದಲೇ ಒಂದು ತುಂಡು ರೊಟ್ಟಿ ಮುರಿದು ಅದ್ದಿ ತಿಂದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಅವಳ ಹುಬ್ಬು ಮೇಲೇರಿತು. ಮುಖ ಕೆಂಪಾಯಿತು. ಉಪ್ಪಿನಕಾಯಿ ಹಿಡಿದ ಅಜ್ಜನ ಕೈ ಕಂಡಳು, ಅಪ್ಪನ ಕಲಸುಮೇಲೋಗರ ಕಂಡಳು. ಆಮೇಲೆ ಅಮ್ಮ ನಕ್ಕುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

“ಉಪ್ಪೇ ಹಾಕಿಲ್ಲ! ಅಯ್ಯೋ ಮಾವ, ಸುಮ್ಮನೆ ತಿಂತಾ ಇದೀರಲ್ಲ! ಸಹನಾ, ಉಪ್ಪಿನ ಡಬ್ಬಿ ತಗೊಂಬಾ.”

ನಾನು ಓಡಿ ಹೋಗಿ ತಂದೆ. ಡಬ್ಬಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜಿಗೆ ಹೋಯಿತು. ಒಬ್ಬೊಬ್ಬರೂ ಒಂದು ಚಿಟಿಕೆ ಉದುರಿಸಿಕೊಂಡು ಕಲಸಿದರು.

“ಮತ್ತೆ ನಾಳೆ?” ಅಂದೆ ನಾನು. ಕೇಳದೆ ಇರಲಾಗಲಿಲ್ಲ.

“ನಾಳೆ ಏನು?” ಅಂದಳು ಅಮ್ಮ, ಇನ್ನೊಂದು ತುಂಡು ರೊಟ್ಟಿ ಮುರಿಯುತ್ತಾ. “ಹ್ಞೂಂ ಅಂತೀನಿ ಅಂದ್ನಲ್ಲ. ಅಲ್ಲೂ ಉಪ್ಪು ಮರೀತೀನಿ ಒಂದೊಂದು ದಿನ. ಹಾಕ್ಕೊಂಡ್ರೆ ಆತು.”

ನಮ್ಮ ಮನೆಯಲ್ಲಿ ಬಾಯಿಗಿಟ್ಟು ನೋಡಿದ ಮೇಲೆ ಹೇಳಿದ ಮೊದಲ ತಪ್ಪು ಅದು. ಅದಕ್ಕೆ ಒಂದು ಚಿಟಿಕೆ ಉಪ್ಪು ಸಾಕಾಯಿತು. ಮುಂದಿನ ಸ್ಪರ್ಧೆಗೆ ನಾನು ಕನ್ನಡ ಸರ್ ಹತ್ತಿರ ಹೋಗಿ ಪರ ಮಾತಾಡುತ್ತೇನೆ ಅಂದೆ; ಬಹುಮಾನ ಬರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅಜ್ಜ “ಹೆಂಗೆ ಮಾತಾಡಿದೆ?” ಅಂತ ಕೇಳಿದ. “ಚೆನ್ನಾಗೇ ಮಾತಾಡಿದೆ, ಅಜ್ಜ. ಕೊನೇಲಿ ಒಂದು ಅಂಶ ಬಿಟ್ಟುಹೋತು,” ಅಂದೆ. ಹರಿಹರದ ಬಸ್ಸಿನ ಧೂಳು ಇನ್ನೂ ಸೀರೆಯಲ್ಲೇ ಇದ್ದ ಅಮ್ಮ ತಾಟುಗಳ ನಡುವೆ ಇದ್ದ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದಳು.